ಥಂಡಿ ಸೂಟಿಗೆ ಹೊರಡುವ ಮುಂಚೆ

ಡಿಸೆಂಬರ್ ಹತ್ತಿರ ಬಂತೆಂದರೆ ಹಾಸ್ಟೆಲ್ ಮೆಸ್ಸಿನ ಮಾತೆಲ್ಲ ಎರಡೇ ವಿಷಯಕ್ಕೆ ಬಂದು ಕೂಡುತ್ತದೆ. ಪರೀಕ್ಷೆ ಯಾವಾಗ ಮುಗಿಯುತ್ತದೆ, ಮುಗಿದ ಮೇಲೆ ಎಲ್ಲಿಗೆ ಹೋಗುವುದು. ಗೋವಾ ಅನ್ನುವವರು ಒಂದಿಬ್ಬರು ಇದ್ದೇ ಇರುತ್ತಾರೆ. ಊರಿಗೆ ಹೋಗಿ ಮಲಗ್ತೀನಿ ಅನ್ನುವವರು ಅದಕ್ಕಿಂತ ಹೆಚ್ಚು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಓದುವವರಿಗೆ ಈ ಸೂಟಿಯಷ್ಟು ಅನುಕೂಲದ ಸೂಟಿ ಇನ್ನೊಂದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲಿಗೆ ಬಾದಾಮಿಯ ಬಂಡೆ ಕಾದು ಕಾಲಿಡಲು ಆಗುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ತುಂಬಿ ಹರಿದು ತಗ್ಗಿನ ಸೇತುವೆಗಳು ಮುಳುಗುತ್ತವೆ. ನವೆಂಬರ್ ಕೊನೆಯಿಂದ ಫೆಬ್ರುವರಿ ಮೊದಲ ವಾರದವರೆಗೆ ಮಾತ್ರ ನಮ್ಮ ಭಾಗದಲ್ಲಿ ಮನಸ್ಸು ಬಿಚ್ಚಿ ತಿರುಗಾಡಬಹುದು.

ಇಷ್ಟು ಒಳ್ಳೆಯ ಕಾಲದಲ್ಲೂ ಪ್ರವಾಸ ಕೆಡುತ್ತದೆ. ಊರುಗಳ ಪಟ್ಟಿ ಮಾಡುವಾಗ ತೋರಿಸುವ ಉಮೇದನ್ನು ನಾವು ಹೊತ್ತಿನ ಲೆಕ್ಕ ಹಾಕುವಾಗ ತೋರಿಸುವುದಿಲ್ಲ. ವಿಜಯಪುರದಲ್ಲಿ ಥಂಡಿ ಜೋರಾದ ದಿನ ಮುಂಜಾನೆ 10 ಡಿಗ್ರಿಯ ಆಸುಪಾಸು ಇರುತ್ತದೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ ಎರಡಕ್ಕೆ 29, 30. ಬೆಳಗ್ಗೆ ಸ್ವೆಟರ್ ಮೇಲೆ ಶಾಲು ಹೊದ್ದವರು ಊಟದ ಹೊತ್ತಿಗೆ ನೆರಳು ಹುಡುಕುತ್ತಿರುತ್ತಾರೆ. ಒಂದೇ ಹಗಲಿನೊಳಗಿನ ಈ ಎರಡು ಹವೆಗಳ ನಡುವೆ ಯಾವ ಜಾಗಕ್ಕೆ ಯಾವಾಗ ಹೋಗಬೇಕು, ಯಾವಾಗ ಬಸ್ಸಿನಲ್ಲಿ ಕೂತಿರಬೇಕು ಅನ್ನುವುದನ್ನು ಮೊದಲು ಕೂಡಿಸಿಕೊಂಡರೆ ಅರ್ಧ ಪ್ಲ್ಯಾನ್ ಆದಂತೆಯೇ.

ಇಷ್ಟೊಂದು ಅಂತರ ಯಾಕೆ ಬರುತ್ತದೆ ಎಂದರೆ, ಹಿಂಗಾರು ಮಳೆ ಹಿಂದೆ ಸರಿದ ಮೇಲೆ ನಮ್ಮ ಬಯಲಿನ ಮೇಲಿನ ಗಾಳಿ ಒಣಗುತ್ತದೆ, ಆಕಾಶ ನಿಚ್ಚಳವಾಗುತ್ತದೆ. ಹಗಲೆಲ್ಲ ಕಾದ ಎರಿ (ಕಪ್ಪು ಮಣ್ಣಿನ) ಭೂಮಿ ರಾತ್ರಿ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡ ಅಂದರೆ ನೆಲಕ್ಕೆ ಹೊದಿಸಿದ ಕೌದಿ ಇದ್ದ ಹಾಗೆ, ಅದಿಲ್ಲದ ರಾತ್ರಿ ಕಾವು ತಡೆಯುವವರು ಯಾರೂ ಇಲ್ಲ. ಈ ಇಳಿಕೆ ನಸುಕಿನವರೆಗೂ ನಡೆಯುವುದರಿಂದ ಅತಿ ಹೆಚ್ಚು ಥಂಡಿ ಬೀಳುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಆಸುಪಾಸಿನಲ್ಲಿ. ಹವಾಮಾನ ಮುನ್ಸೂಚನೆ ನೋಡುವಾಗ ಕನಿಷ್ಠ ಉಷ್ಣಾಂಶದ ಜೊತೆಗೆ ಮೋಡದ ಸೂಚನೆಯನ್ನೂ ನೋಡಬೇಕಾದದ್ದು ಇದಕ್ಕೇ. ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಎರಡು ಮೂರು ದಿನ ಇಲ್ಲೂ ಮೋಡ ಮುಸುಕುತ್ತದೆ, ರಾತ್ರಿ ಬೆಚ್ಚಗಾಗುತ್ತದೆ, ತುಂತುರೂ ಬೀಳಬಹುದು. ಆ ಮೋಡ ಸರಿದ ಮರುದಿನ ಥಂಡಿ ಒಮ್ಮೆಲೇ ಏರುತ್ತದೆ. ಮೋಡದ ದಿನದ ಹವೆ ನೋಡಿ ಸ್ವೆಟರ್ ಬಿಟ್ಟು ಹೋದವರು ಆಗ ನಡುಗುತ್ತಾರೆ. ದ್ರಾಕ್ಷಿ ಬೆಳೆದ ತಿಕೋಟಾ ಕಡೆಯ ರೈತರು ಆ ಮೋಡವನ್ನು ನೋಡುವ ಕಣ್ಣೇ ಬೇರೆ. ನಮಗೆ ಒಂದು ಪ್ರವಾಸ ಹಾಳಾದರೆ ಅವರಿಗೆ ಒಂದು ವರ್ಷದ ದುಡಿಮೆ ಹೋಗುತ್ತದೆ.

ಸೂರ್ಯೋದಯದ ಲೆಕ್ಕವೂ ಅನೇಕರಿಗೆ ತಪ್ಪುತ್ತದೆ. ಹಗಲು ಅತಿ ಗಿಡ್ಡವಾಗುವುದು ಡಿಸೆಂಬರ್ 21, 22ಕ್ಕೆ. ಆದರೆ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ನಡುವಿನಲ್ಲಿ. ಸಂಕ್ರಾಂತಿ ಹೊತ್ತಿಗೆ ವಿಜಯಪುರದಲ್ಲಿ ಸೂರ್ಯ ಕಾಣುವುದು ಏಳಕ್ಕೆ ಒಂದೆರಡು ನಿಮಿಷ ಇರುವಾಗ, ಬೆಳಗಾವಿಯಲ್ಲಿ ಇನ್ನೂ ನಾಲ್ಕೈದು ನಿಮಿಷ ತಡ. ಸಂಜೆ ಆರೂಕಾಲಿಗೆ ಮುಳುಗುತ್ತದೆ. ಅಂದರೆ ಕೈಗೆ ಸಿಗುವ ಬೆಳಕು ಹನ್ನೊಂದೂಕಾಲು ತಾಸು. ಅದರಲ್ಲಿ ಹನ್ನೆರಡರಿಂದ ಮೂರರವರೆಗಿನ ಬಿಸಿಲನ್ನು ಬದಿಗಿಟ್ಟರೆ ಬಯಲಲ್ಲಿ ಓಡಾಡಲು ಉಳಿಯುವುದು ಎಂಟು ತಾಸು. ಒಂದು ದಿನಕ್ಕೆ ಐದಾರು ಊರು ಪೋಣಿಸುವವರು ಈ ಎಂಟು ತಾಸಿನೊಳಗೆ ಬಸ್ಸಿಗೆ ಕಾಯುವುದನ್ನೂ ಸೇರಿಸಿ ನೋಡಬೇಕು.

ಹಾಸ್ಟೆಲ್ಲಿನ ಥಂಡಿಯ ಬಗ್ಗೆ ಎರಡು ಮಾತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹಗಲಲ್ಲೂ ಬಾಟಲಿ ಕರಗದೆ ಉಳಿದರೆ ಆ ಕೋಣೆಗೆ ಬಿಸಿಲು ಬರುತ್ತಿಲ್ಲ ಎಂದರ್ಥ. ಅಂಥ ಕೋಣೆಯಲ್ಲಿ ಹಾಸಿಗೆ, ಕೌದಿಗಳನ್ನು ವಾರಕ್ಕೊಮ್ಮೆಯಾದರೂ ಮಾಳಿಗೆ ಮೇಲೆ ಬಿಸಿಲಿಗೆ ಹಾಕಬೇಕು. ಸ್ನಾನಕ್ಕೆ ಹೆಚ್ಚಿನವರು ಬಕೆಟ್ಟಿನಲ್ಲಿ ರಾಡ್ ಇಟ್ಟು ನೀರು ಕಾಯಿಸುತ್ತಾರೆ. 15 ಲೀಟರ್ ನೀರನ್ನು 18 ಡಿಗ್ರಿಯಿಂದ 40ಕ್ಕೆ ತರಲು 1500 ವ್ಯಾಟ್ ರಾಡಿಗೆ ಹದಿನೈದು ಹದಿನಾರು ನಿಮಿಷ ಸಾಕು. ಅರ್ಧ ತಾಸು ಇಟ್ಟರೆ ಕರೆಂಟು ದಂಡ, ಪ್ಲಾಸ್ಟಿಕ್ ಬಕೆಟ್ಟೂ ಮೆತ್ತಗಾಗುತ್ತದೆ. ರಾಡಿನ ಮೇಲೆ ಕೊರೆದ ಗುರುತಿನವರೆಗೆ ನೀರು ಇರಲೇಬೇಕು, ಇಲ್ಲದಿದ್ದರೆ ಸುರುಳಿ ಸುಟ್ಟು ಹೋಗುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಕೈ ಹಾಕಬೇಕು. ಈ ಮಾತು ಎಲ್ಲರಿಗೂ ಗೊತ್ತು, ಆದರೂ ಪರೀಕ್ಷೆಯ ದಿನದ ಅವಸರದಲ್ಲಿ ಮರೆಯುವುದು ಇದನ್ನೇ. ತುಟಿ, ಹಿಮ್ಮಡಿ ಒಡೆಯುವುದು ಗಾಳಿಯಲ್ಲಿ ತೇವ ಇಲ್ಲದ್ದರಿಂದ. ಸ್ನಾನವಾದ ಕೂಡಲೇ, ಮೈಯ ಪಸೆ ಆರುವ ಮುಂಚೆ ಎಣ್ಣೆಯನ್ನೋ ವ್ಯಾಸಲಿನನ್ನೋ ಹಚ್ಚಿದರೆ ನಿಲ್ಲುತ್ತದೆ. ಒಣಗಿದ ಮೇಲೆ ಹಚ್ಚಿದ್ದು ಅಷ್ಟು ಕೆಲಸ ಮಾಡುವುದಿಲ್ಲ.

ಬಟ್ಟೆಯ ವಿಷಯಕ್ಕೆ ಬಂದರೆ, ದಪ್ಪನೆಯ ಒಂದು ಜಾಕೀಟಿಗಿಂತ ತೆಳ್ಳಗಿನ ಮೂರು ಪದರ ಒಳ್ಳೆಯದು. ಒಳಗೆ ಹತ್ತಿ ಬನಿಯನ್, ನಡುವೆ ಸ್ವೆಟರ್, ಮೇಲೆ ಗಾಳಿ ತಡೆಯುವ ತೆಳು ವಿಂಡ್‌ಚೀಟರ್. ಹತ್ತು ಗಂಟೆಗೆ ಮೇಲಿನದು ಬ್ಯಾಗಿಗೆ, ಹನ್ನೊಂದಕ್ಕೆ ಸ್ವೆಟರ್ ಬ್ಯಾಗಿಗೆ. ದಪ್ಪ ಜಾಕೀಟಾದರೆ ಇಡಲೂ ಜಾಗವಿಲ್ಲ, ಹಾಕಿಕೊಳ್ಳಲೂ ಆಗುವುದಿಲ್ಲ, ದಿನವೆಲ್ಲ ಸೊಂಟಕ್ಕೆ ಕಟ್ಟಿಕೊಂಡು ತಿರುಗಬೇಕು. ಬೈಕಿನವರಿಗೆ ಗಾಳಿಯ ಲೆಕ್ಕ ಬೇರೆ. 10 ಡಿಗ್ರಿಯಲ್ಲಿ ತಾಸಿಗೆ 50 ಕಿಲೋಮೀಟರ್ ವೇಗದಲ್ಲಿ ಹೋದರೆ ಮೈಗೆ ತಗಲುವ ಥಂಡಿ 5, 6 ಡಿಗ್ರಿಯದು. ಮೊದಲು ಮರಗಟ್ಟುವುದು ಬೆರಳು. ಮರಗಟ್ಟಿದ ಬೆರಳಿಗೆ ಬ್ರೇಕ್ ಎಷ್ಟು ಹಿಡಿದೆ ಎಂಬುದು ತಿಳಿಯುವುದಿಲ್ಲ, ಅಪಾಯ ಇರುವುದು ಅಲ್ಲಿ. ಉಣ್ಣೆಯ ಗ್ಲೌಸ್ ಒಳಗೆ ಗಾಳಿ ನುಗ್ಗುತ್ತದೆ, ಅದರ ಮೇಲೆ ರೆಗ್ಜಿನ್ನಿನದೋ ತೊಗಲಿನದೋ ಇನ್ನೊಂದು ಬೇಕು. ಏನೂ ಸಿಗದಿದ್ದರೆ ಎದೆಯ ಮೇಲೆ, ಸ್ವೆಟರಿನ ಒಳಗೆ, ಹಳೆಯ ಪೇಪರಿನ ನಾಲ್ಕು ಹಾಳೆ ಮಡಿಸಿ ಇಟ್ಟುಕೊಳ್ಳಿ. ಗಾಳಿ ತಡೆಯುವುದಕ್ಕೆ ಅದಕ್ಕಿಂತ ಅಗ್ಗದ ಉಪಾಯ ಇಲ್ಲ.

ಇನ್ನು ರಸ್ತೆ. ನಮ್ಮ ಕಡೆ ಚಳಿಗಾಲದ ರಸ್ತೆಗೆ ಮೂರು ಗಂಡಾಂತರ ಇವೆ, ಅದರಲ್ಲಿ ಎರಡು ಸುಗ್ಗಿಗೆ ಸೇರಿದವು. ನವೆಂಬರಿನಲ್ಲಿ ಸಕ್ಕರೆ ಕಾರ್ಖಾನೆಗಳು ಚಾಲೂ ಆದವೆಂದರೆ ಗೋಕಾಕ, ರಾಯಬಾಗ, ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಶುರು. ಒಂದು ಇಂಜಿನ್ನಿಗೆ ಎರಡು ಟ್ರ್ಯಾಲಿ, ಕಬ್ಬು ಎರಡೂ ಮಗ್ಗಲಿಗೆ ಚಾಚಿಕೊಂಡಿರುತ್ತದೆ. ಹಿಂದಿನ ಟ್ರ್ಯಾಲಿಗೆ ಎಷ್ಟೋ ಸಲ ಕೆಂಪು ದೀಪವೂ ಇರುವುದಿಲ್ಲ, ರಿಫ್ಲೆಕ್ಟರೂ ಇರುವುದಿಲ್ಲ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಕುಕ್ಕಿದಾಗ ಮುಂದಿರುವ ಕಬ್ಬಿನ ರಾಶಿ ಕಾಣುವುದೇ ಇಲ್ಲ. ಓವರ್‌ಟೇಕ್ ಮಾಡುವವರು ಟ್ರ್ಯಾಲಿ ಒಂದೇ ಇದೆ ಅಂದುಕೊಂಡು ಎಡಕ್ಕೆ ಬರಲು ಹೋಗುತ್ತಾರೆ, ಅಲ್ಲಿ ಎರಡನೆಯದು ಇರುತ್ತದೆ. ಕತ್ತಲಾದ ಮೇಲೆ ಆ ಭಾಗದಲ್ಲಿ ಬೈಕ್ ಪ್ರಯಾಣ ಇಟ್ಟುಕೊಳ್ಳಲೇಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ.

ಎರಡನೆಯದು ರಸ್ತೆ ಮೇಲಿನ ಕಣ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕಟಾವಾಗಿ ರಾಶಿಗೆ ಬರುತ್ತದೆ. ವಿಜಯಪುರ ಜಿಲ್ಲೆಯ ಒಳರಸ್ತೆಗಳಲ್ಲಿ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರಲಿ ಎಂದು ಬೆಳೆಯನ್ನು ಡಾಂಬರಿನ ಮೇಲೆ ಹರವುತ್ತಾರೆ. ಒಣ ಹೊಟ್ಟಿನ ಮೇಲೆ ಬೈಕಿನ ಬ್ರೇಕ್ ಹಿಡಿದರೆ ಗಾಲಿ ಜಾರುತ್ತದೆ. ದೂರದಿಂದಲೇ ವೇಗ ಇಳಿಸಿ, ಹ್ಯಾಂಡಲ್ ನೆಟ್ಟಗೆ ಹಿಡಿದು, ಬ್ರೇಕ್ ಮುಟ್ಟದೆ ದಾಟಬೇಕು. ಕಾರಿನವರು ಆಚೆ ಹೋದ ಮೇಲೆ ಒಮ್ಮೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಬೇಕು, ಹೊಟ್ಟು ಸೈಲೆನ್ಸರಿಗೆ ಸುತ್ತಿಕೊಂಡರೆ ಬೆಂಕಿ ಹತ್ತುತ್ತದೆ. ಕಣ ಮಾಡಲು ಜಾಗವಿಲ್ಲದ ರೈತನ ಕಷ್ಟ ಅರ್ಥವಾಗುತ್ತದೆ, ಆದರೆ ಈ ಪದ್ಧತಿಯಿಂದ ಬಿದ್ದು ಕೈಕಾಲು ಮುರಿದುಕೊಳ್ಳುವವರು ಹೆಚ್ಚಿನ ಸಲ ಅದೇ ಊರಿನ ಹುಡುಗರು.

ಮೂರನೆಯದು ಮಂಜು. ಬಯಲಿನ ಒಣ ಹೊಲದ ಮೇಲೆ ಮಂಜು ಅಪರೂಪ. ನೀರಾವರಿಯ ಕಬ್ಬಿನ ಪಟ್ಟಿ, ಹೊಳೆಯ ದಂಡೆ, ಕೊಲ್ಹಾರದ ಹತ್ತಿರದ ಕೃಷ್ಣೆಯ ಉದ್ದನೆಯ ಸೇತುವೆ, ಬೆಳಗಾವಿಯಿಂದ ಖಾನಾಪುರದ ಕಡೆಯ ರಸ್ತೆ, ಇಂಥಲ್ಲಿ ನೆಲದ ತೇವ ಮೇಲೆದ್ದು ಥಂಡಿಗೆ ಮಂಜಾಗಿ ನಿಲ್ಲುತ್ತದೆ. ಬಿಸಿಲೇರಿದ ಹಾಗೆ ಕರಗುತ್ತದೆ, ಎಂಟೂವರೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಾಡಿಗೆ ಗಾಡಿ ಮಾಡಿದ್ದರೆ ನಸುಕಿನ ನಾಲ್ಕಕ್ಕೆ ಹೊರಡಿ ಎಂದು ಚಾಲಕನ ಮೇಲೆ ಒತ್ತಾಯ ಹಾಕಬಾರದು. ಅವನಿಗೆ ನಿದ್ದೆ ಎಳೆಯುವ ಹೊತ್ತೂ ಮಂಜು ಕವಿಯುವ ಹೊತ್ತೂ ಒಂದೇ.

ಹೀಗಾಗಿ ವಿದ್ಯಾರ್ಥಿಗೆ ಸರಕಾರಿ ಬಸ್ಸೇ ಸರಿ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಬಸ್ಸು ವಾಯವ್ಯ ಸಾರಿಗೆಯವು, ವಿಜಯಪುರದವು ಕಲ್ಯಾಣ ಕರ್ನಾಟಕ ಸಾರಿಗೆಯವು. ವಿದ್ಯಾರ್ಥಿ ಪಾಸು ಊರಿಂದ ಕಾಲೇಜಿನ ಮಾರ್ಗಕ್ಕೆ ಮಾತ್ರ, ಅದನ್ನು ತೋರಿಸಿ ಪ್ರವಾಸ ಮಾಡಲಾಗುವುದಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಆಧಾರ್‌ನಂಥ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳಲೇಬೇಕು, ಬಿಟ್ಟಿಯಲ್ಲವೇ ಎಂದು ಟಿಕೆಟ್ಟಿಲ್ಲದೆ ಕೂತರೆ ತಪಾಸಣೆಯಲ್ಲಿ ತೊಂದರೆ. ಸಾಮಾನ್ಯ ಬಸ್ಸು, ವೇಗದೂತಕ್ಕೆ ಅದು ನಡೆಯುತ್ತದೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ. ಹೊರರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ, ಆದ್ದರಿಂದ ಸೊಲ್ಲಾಪುರ, ಕೊಲ್ಹಾಪುರ, ಪಣಜಿ ಎಂದರೆ ಪೂರ್ತಿ ದುಡ್ಡು ಹಿಡಿದುಕೊಳ್ಳಿ. ನಾಲ್ಕು ಹುಡುಗಿಯರು ಮೂರೂ ಜಿಲ್ಲೆ ಸುತ್ತಿ ಬರಲು ಬಸ್ ಖರ್ಚೇ ಬೀಳುವುದಿಲ್ಲ ಅನ್ನುವುದು ಸಣ್ಣ ಮಾತಲ್ಲ. ಹಿಂದೆ ಮನೆಯಲ್ಲಿ ರೊಕ್ಕ ಕೇಳಲು ಹಿಂಜರಿದು ಪ್ರವಾಸ ಬಿಟ್ಟವರು ಎಷ್ಟೋ ಮಂದಿ.

ರೈಲಿನ ಅನುಕೂಲ ಗದಗ–ಹೋಟಗಿ ಮಾರ್ಗದಲ್ಲಿದೆ. ಬಾದಾಮಿ, ಬಾಗಲಕೋಟೆ, ಆಲಮಟ್ಟಿ, ವಿಜಯಪುರ ನಾಲ್ಕೂ ಒಂದೇ ಹಳಿಯ ಮೇಲೆ ಬರುತ್ತವೆ. ಬೆಳಗಾವಿ ಬೇರೆ ಹಳಿಯ ಊರು, ಲೋಂಡಾ–ಮೀರಜ ಮಾರ್ಗದ್ದು. ಅಲ್ಲಿಂದ ಬಾದಾಮಿಗೆ ರೈಲಲ್ಲೇ ಹೋಗುತ್ತೇನೆಂದರೆ ಹುಬ್ಬಳ್ಳಿಗೆ ಇಳಿದು ಗದಗ ಸುತ್ತಬೇಕು, ಅದಕ್ಕಿಂತ ಬಸ್ಸು ವಾಸಿ. ಬೆಂಗಳೂರಿಗೆ ಮರಳುವವರು ಮಾತ್ರ ಟಿಕೆಟ್ಟಿನ ತಾರೀಖು ತಲೆಯಲ್ಲಿಟ್ಟುಕೊಳ್ಳಬೇಕು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಜನವರಿ 18ರ ಟಿಕೆಟ್ ನವೆಂಬರ್ 19ಕ್ಕೆ ತೆರೆಯುತ್ತದೆ. ಆಗಿನ್ನೂ ಪರೀಕ್ಷೆಯ ವೇಳಾಪಟ್ಟಿಯೇ ಬಂದಿರುವುದಿಲ್ಲ, ಬಂದರೂ ಬದಲಾಗುವುದುಂಟು. ಹೋಗುವ ಟಿಕೆಟ್ ಕಾಯಬಹುದು, ಸಂಕ್ರಾಂತಿಯ ನಂತರ ಮರಳುವ ಟಿಕೆಟ್ ಕಾಯುವುದಿಲ್ಲ. ಆದ್ದರಿಂದ ಮರಳುವುದನ್ನು ಮೊದಲು ತೆಗೆಸಿ. ತತ್ಕಾಲ್ ನಂಬುವವರಿಗೆ, ಹಿಂದಿನ ದಿನ ಬೆಳಿಗ್ಗೆ 10ಕ್ಕೆ ಎಸಿ, 11ಕ್ಕೆ ನಾನ್ ಎಸಿ ತೆರೆಯುತ್ತದೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲಿಗೆ ಖಾತೆಯನ್ನು ಆಧಾರ್ ಜೊತೆ ಜೋಡಿಸಿರಲೇಬೇಕು. ಆ ಕೆಲಸವನ್ನು 10.55ಕ್ಕೆ ಶುರು ಮಾಡಿದರೆ ಓಟಿಪಿ ಬರುವಷ್ಟರಲ್ಲಿ ಸೀಟು ಮುಗಿದಿರುತ್ತದೆ. ಆನ್‌ಲೈನಲ್ಲಿ ತೆಗೆಸಿದ ವೇಟಿಂಗ್ ಟಿಕೆಟ್ ಚಾರ್ಟ್ ಆಗುವವರೆಗೂ ವೇಟಿಂಗಿನಲ್ಲೇ ಉಳಿದರೆ ತಾನೇ ರದ್ದಾಗುತ್ತದೆ, ಅದನ್ನು ಹಿಡಿದು ಗಾಡಿ ಹತ್ತುವಂತಿಲ್ಲ.

ದಿನ ಆರಿಸುವಾಗ ಕ್ಯಾಲೆಂಡರಿನ ಜೊತೆಗೆ ಪಂಚಾಂಗವೂ ಪಕ್ಕದಲ್ಲಿರಲಿ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ನಡೆಯುವ ದಿನಗಳಲ್ಲಿ ಬೆಳಗಾವಿಯ ಲಾಡ್ಜುಗಳು ತುಂಬಿರುತ್ತವೆ, ಪ್ರತಿಭಟನೆ, ಬಂದೋಬಸ್ತಿನಿಂದ ಹೆದ್ದಾರಿಯೂ ನಿಧಾನ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ನಾಟಕ ಕಂಪನಿಗಳು ಟೆಂಟು ಹಾಕಿ ರಾತ್ರಿಯೆಲ್ಲ ಆಟ ಆಡುತ್ತವೆ. ಗುಹೆ, ಗುಡಿ ನೋಡಲು ಬರುವವರು ಹುಣ್ಣಿಮೆಯ ಹಿಂದುಮುಂದಿನ ಎರಡು ದಿನ ಬಿಡಬೇಕು. ನಾಟಕ ನೋಡಬೇಕೆನ್ನುವವರು ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ ಬರಬೇಕು, ಆಗ ಗದ್ದಲ ಕಡಿಮೆಯಾಗಿ ಕೂರಲು ಜಾಗ ಸಿಗುತ್ತದೆ. ಕಂಬಳಿ ಮರೆಯಬೇಡಿ, ಆಟ ಬಿಡುವ ಹೊತ್ತಿಗೆ ಟೆಂಟಿನೊಳಗೂ ನೆಲ ತಣ್ಣಗೆ ಕೊರೆಯುತ್ತದೆ. ಅದೇ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೂ ಜನಸಾಗರ ಹರಿಯುವುದರಿಂದ ಆ ಮಾರ್ಗದ ಬಸ್ಸುಗಳೆಲ್ಲ ತುಂಬಿರುತ್ತವೆ. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ನಂದಿಕೋಲು, ಮದ್ದು ಸುಡುವುದು, ದನಗಳ ಜಾತ್ರೆ ನೋಡುವುದೇ ಉದ್ದೇಶವಾದರೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಆದರೆ ಇರಲು ಗೆಳೆಯರ ಮನೆ ನೋಡಿಕೊಂಡಿರಬೇಕು.

ಮೂರು ದಿನ ಕೈಯಲ್ಲಿದ್ದರೆ ನಾನು ಹೇಳುವ ಕ್ರಮ ಇದು. ಮೊದಲ ದಿನ ವಿಜಯಪುರ. ಬಾಗಿಲು ತೆಗೆದ ಕೂಡಲೇ ಗೋಳಗುಮ್ಮಟಕ್ಕೆ ಹೋಗಿ, ಕೆಳಗೆ ಸುತ್ತದೆ ನೇರವಾಗಿ ಮೂಲೆಯ ಗೋಪುರದ ಮೆಟ್ಟಿಲು ಹತ್ತಬೇಕು. ಏಳಂತಸ್ತಿನ ಗೋಪುರ, ಮೆಟ್ಟಿಲು ಕಿರಿದು, ಎತ್ತರ. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ತಿಂಗಳು. ಹತ್ತು ಗಂಟೆಯ ನಂತರ ಬಸ್ಸುಗಟ್ಟಲೆ ಮಕ್ಕಳು ಬಂದು ಮೇಲೆ ಕೂಗಲು ಶುರು ಮಾಡಿದರೆ ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಮಾತೊಂದು ಬಿಟ್ಟು ಉಳಿದದ್ದೆಲ್ಲ ಕೇಳಿಸುತ್ತದೆ. ಆ ಮಕ್ಕಳ ತಪ್ಪೇನಿಲ್ಲ, ಕೂಗಿದ್ದು ಏಳೆಂಟು ಸಲ ಮರಳಿ ಬರುವಾಗ ಯಾರಿಗೆ ಖುಷಿಯಾಗದು. ಮೌನವಿದ್ದಾಗ ಮಾಡಬೇಕಾದದ್ದು ಇಷ್ಟು. ಇಬ್ಬರು ಎದುರುಬದುರಾಗಿ ನಿಲ್ಲಿ, ನಡುವೆ ಸುಮಾರು 38 ಮೀಟರ್ ಖಾಲಿ. ಎದುರಿನವರತ್ತ ಮುಖ ಮಾಡಿ ಮಾತಾಡಬೇಡಿ. ಗೋಡೆಗೆ ಮುಖ ಹತ್ತಿರ ತಂದು, ಗೋಡೆಯ ಗುಂಟ ಸಾಗುವಂತೆ ಬಾಯಿ ಓರೆ ಮಾಡಿ ಮೆಲ್ಲಗೆ ಮಾತಾಡಿ. ಆಚೆ ಬದಿಯವರು ಗೋಡೆಗೆ ಕಿವಿ ಹಚ್ಚಲಿ. ಬಾಗಿದ ಗೋಡೆ ಸದ್ದನ್ನು ಚದುರಗೊಡದೆ ತನ್ನ ಮೈ ಹಿಡಿದೇ ಸಾಗಿಸುತ್ತದೆ. ಕಾಗದ ಹರಿದ ಸದ್ದೂ ಪಕ್ಕದಲ್ಲೇ ಹರಿದ ಹಾಗೆ ಕೇಳುತ್ತದೆ. 1656ರಲ್ಲಿ ಮುಗಿದ, ಹೊರಗಿನಿಂದ 44 ಮೀಟರ್ ಅಡ್ಡಗಲದ ಈ ಗುಮ್ಮಟಕ್ಕೆ ಒಳಗೆ ಒಂದೂ ಕಂಬದ ಆಸರೆ ಇಲ್ಲ. ಕೆಳಗೆ ನಿಂತು ಮೇಲೆ ನೋಡುವಾಗ ಒಂದನ್ನೊಂದು ಕತ್ತರಿಸುತ್ತ ಹೋಗುವ ಕಮಾನುಗಳ ಮೇಲೆ ಕಣ್ಣಿಡಿ, ಚೌಕದ ಗೋಡೆ ದುಂಡಗಿನ ಗುಮ್ಮಟವನ್ನು ಹೊತ್ತ ಗುಟ್ಟು ಅಲ್ಲಿದೆ.

ಬಿಸಿಲೇರುತ್ತಲೇ ಅದೇ ಆವರಣದ ಮ್ಯೂಸಿಯಂ ಸೇರಿಕೊಳ್ಳಬಹುದು, ಶುಕ್ರವಾರ ಮಾತ್ರ ಅದಕ್ಕೆ ರಜೆ. ಬಾದಾಮಿ, ಐಹೊಳೆಯ ಮ್ಯೂಸಿಯಮ್ಮುಗಳಿಗೂ ಶುಕ್ರವಾರವೇ ರಜೆ, ದಿನ ಆರಿಸುವಾಗ ನೆನಪಿರಲಿ. ಮಧ್ಯಾಹ್ನಕ್ಕೆ ಜುಮ್ಮಾ ಮಸೀದಿಯ ನೆರಳು, ತಾಜ್ ಬಾವಡಿ. ಬಾರಾಕಮಾನಕ್ಕೆ ಸೂರೇ ಇಲ್ಲ, ಅದನ್ನು ನಾಲ್ಕರ ಮೇಲೆ ಇಟ್ಟುಕೊಳ್ಳಿ. ಸಂಜೆ ಇಬ್ರಾಹಿಂ ರೋಜಾ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಗೋಡೆಯ ಮೇಲೆ ಕೊರೆದ ಅಕ್ಷರಗಳು ನೆರಳು ಪಡೆದು ಎದ್ದು ನಿಲ್ಲುತ್ತವೆ, ನಡುಮಧ್ಯಾಹ್ನ ಹೋದವರಿಗೆ ಅದೇ ಗೋಡೆ ಸಪ್ಪೆ ಕಾಣುತ್ತದೆ.

ಎರಡನೆಯ ದಿನ ಬಾದಾಮಿ. ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರ್. ಕತ್ತಲಲ್ಲಿ ಇಳಿದರೆ ಬೆಳಗಾಗುವವರೆಗೆ ಸ್ಟೇಷನ್ನಿನಲ್ಲೇ ಇದ್ದು ಟಂಟಂ (ಬಾಡಿಗೆ ಆಟೊ) ಹಿಡಿಯುವುದು ಲೇಸು. ನಾಲ್ಕು ಗುಹೆಗಳಲ್ಲಿ ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡಿ. ಚಾಲುಕ್ಯ ದೊರೆ ಕೀರ್ತಿವರ್ಮನ ತಮ್ಮ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನ ಇರುವುದು ಅಲ್ಲಿಯೇ, ಕಂಬಗಳ ಮೇಲ್ತುದಿಯ ಜೋಡಿಗಳ ಕೆತ್ತನೆ ನೋಡಲು ಕತ್ತು ನೋಯುವಷ್ಟು ಮೇಲೆ ನೋಡಬೇಕು. ಮಂಗಗಳ ಕಾಟ ಇದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ತಿಂಡಿಯೇ ಇದೆ ಎಂದು ಅವು ಕಲಿತುಬಿಟ್ಟಿವೆ. ಬಾಳೆಹಣ್ಣು, ಬಿಸ್ಕೀಟು, ನೀರಿನ ಬಾಟಲಿ ಎಲ್ಲ ಜಿಪ್ ಇರುವ ಬ್ಯಾಗಿನೊಳಗೆ ಹೋಗಲಿ, ಕಸಿದುಕೊಂಡರೆ ಜಗ್ಗಾಡಬೇಡಿ. ಸಂಜೆಗೆ ಅಗಸ್ತ್ಯ ತೀರ್ಥದ ದಂಡೆಗುಂಟ ನಡೆದು ಪೂರ್ವದ ತುದಿಯ ಭೂತನಾಥ ಗುಡಿಗೆ ಹೋಗಬೇಕು. ಪಡುವಣದ ಬಿಸಿಲು ಕೆರೆ ದಾಟಿ ಬಂದು ಗುಡಿಗೂ ಹಿಂದಿನ ಕೆಂಪು ಬಂಡೆಗೂ ತಗಲುವುದು ಐದರಿಂದ ಆರರ ಒಳಗೆ. ಬಾದಾಮಿಗೆ ಮಧ್ಯಾಹ್ನ ಬಂದು ಮೂರಕ್ಕೆ ಹೊರಟು ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೂರನೆಯ ದಿನ ಪಟ್ಟದಕಲ್ಲು ಮೊದಲು, ಐಹೊಳೆ ಆಮೇಲೆ. ಈ ಕ್ರಮ ತಿರುವಬೇಡಿ. 22 ಕಿಲೋಮೀಟರ್ ದೂರದ ಪಟ್ಟದಕಲ್ಲಿನ ದೊಡ್ಡ ಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ, ಮುಂಜಾನೆಯ ಬಿಸಿಲು ವಿರೂಪಾಕ್ಷ ಗುಡಿಯ ಮಂಟಪದೊಳಗೆ ಇಳಿಯುತ್ತದೆ. ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಒಳಗಿನ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಸಣ್ಣ ಪಟ್ಟಿಕೆಗಳು ಆ ಬೆಳಕಿಲ್ಲದೆ ಕಾಣುವುದು ಕಷ್ಟ. ಹೊರಗಿನ ಹುಲ್ಲಂಗಳದಲ್ಲಿ ನೆರಳು ಬಹಳ ಕಡಿಮೆ, ಹನ್ನೊಂದಾದರೆ ಸಾಕು ತಲೆ ಕಾಯುತ್ತದೆ. 1987ರಿಂದ ವಿಶ್ವ ಪರಂಪರೆಯ ತಾಣವಾದ್ದರಿಂದ ಇಲ್ಲಿ ಟಿಕೆಟ್ 40 ರೂಪಾಯಿ. ಗೋಳಗುಮ್ಮಟ, ಬಾದಾಮಿ, ಐಹೊಳೆಯಲ್ಲಿ 25. ಐಹೊಳೆಯಲ್ಲಿ ಬಿಸಿಲ ಹೊತ್ತು ಕಳೆಯಲು ದುರ್ಗ ಗುಡಿಯ ಸುತ್ತಿನ ಕಂಬಸಾಲಿದೆ, ರಾವಣಫಡಿ ಗುಹೆ ಇದೆ. ರವಿಕೀರ್ತಿಯ ಕ್ರಿ.ಶ. 634ರ ಶಾಸನವಿರುವ ಮೇಗುತಿ ಗುಡ್ಡದ ಮೇಲಿದೆ, ಮೂರೂವರೆಯ ಮೇಲೆ ಹತ್ತಿ. ತೊಡಕು ಇರುವುದು ಬಸ್ಸಿನದು. ಬಾದಾಮಿ, ಪಟ್ಟದಕಲ್ಲು, ಐಹೊಳೆ ನಡುವೆ ಬಸ್ಸು ಕಡಿಮೆ, ಸಂಜೆಯ ಬಸ್ಸು ತಪ್ಪಿದರೆ ಪರದಾಟ. ನಾಲ್ಕೈದು ಜನ ಕೂಡಿ ದಿನಕ್ಕೆ ಟಂಟಂ ಮಾತಾಡಿಕೊಳ್ಳುವುದೇ ಒಳ್ಳೆಯದು. ಮಾತಾಡುವಾಗ ಊರುಗಳ ಹೆಸರಿನ ಜೊತೆಗೆ ಪ್ರತಿ ಜಾಗದಲ್ಲಿ ಎಷ್ಟು ತಾಸು ನಿಲ್ಲಬೇಕು, ಕೊನೆಗೆ ಎಲ್ಲಿ ಬಿಡಬೇಕು ಎಂಬುದನ್ನೂ ಹೇಳಿಬಿಡಿ. ಜಗಳಗಳೆಲ್ಲ ನಿಲ್ಲಿಸಿದ ಹೊತ್ತಿನ ಮೇಲೆಯೇ ಹುಟ್ಟುತ್ತವೆ. ಅಮೀನಗಡದಲ್ಲಿ ಬಿಡಲು ಹೇಳಿದರೆ ಮುಂದಕ್ಕೆ ಬಸ್ಸೂ ಸಿಗುತ್ತದೆ, ಕರದಂಟೂ ಸಿಗುತ್ತದೆ.

ಬೆಳಗಾವಿ ಕಡೆ ಈ ಕಾಲಕ್ಕೆ ಗೋಕಾಕ ಫಾಲ್ಸ್ ನೋಡಲು ಹೋಗುವುದು ವ್ಯರ್ಥ. 52 ಮೀಟರ್ ಎತ್ತರದಿಂದ ಘಟಪ್ರಭೆ ಧುಮ್ಮಿಕ್ಕುವುದು ಮಳೆಗಾಲದಲ್ಲಿ, ಜನವರಿಯಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ. ಅದರ ಬದಲು ಗೋಕಾಕ ತಾಲೂಕಿನ ಘಟಪ್ರಭಾ ಪಕ್ಷಿಧಾಮ ನೋಡಬಹುದು, ಡೆಮೊಸೆಲ್ ಕ್ರೇನುಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಚಳಿ ಕಳೆಯಲು ಅಲ್ಲಿಗೆ ಬರುತ್ತವೆ. ಆಲಮಟ್ಟಿಯ ಹಿನ್ನೀರಿನಲ್ಲಿ ಫ್ಲೆಮಿಂಗೊ ಕಾಣಬೇಕಾದರೆ ನೀರು ಇಳಿದು ಕೆಸರಿನ ದಂಡೆ ತೆರೆದುಕೊಳ್ಳಬೇಕು, ಡಿಸೆಂಬರಿಗಿಂತ ಜನವರಿ ಕೊನೆ ವಾಸಿ.

ಊರಿಗೆ ಹೋಗುವವರು ಎಳ್ಳ ಅಮವಾಸ್ಯೆಯನ್ನು ತಪ್ಪಿಸಿಕೊಳ್ಳಬಾರದು. ಡಿಸೆಂಬರಿನಲ್ಲೋ ಜನವರಿಯ ಮೊದಲಲ್ಲೋ ಬರುತ್ತದೆ. ಆಳೆತ್ತರದ ಬಿಳಿಜೋಳ ತೆನೆ ಬಿಟ್ಟ ಹೊಲದಲ್ಲಿ, ಐದು ಕಲ್ಲು ಪಾಂಡವರೆಂದು ಇಟ್ಟು ಪೂಜಿಸಿ, ಚರಗ (ನೈವೇದ್ಯದ ಅಡಿಗೆ) ಚೆಲ್ಲಿ, ಎಲ್ಲರೂ ಸುತ್ತ ಕೂತು ಉಣ್ಣುವ ದಿನ. ಮಳೆ ನಿಂತ ಮೇಲೆ ಬರೀ ನೆಲದ ಹಸಿಯಿಂದ, ಇಬ್ಬನಿಯಿಂದ ಈ ಜೋಳ ಕಾಳು ಕಟ್ಟುತ್ತದೆ ಅನ್ನುವುದು ಕೃಷಿ ಓದುವವರಿಗೂ ಹೊಲದಲ್ಲೇ ಚೆನ್ನಾಗಿ ಅರ್ಥವಾಗುತ್ತದೆ. ಗೆಳೆಯರ ಊರಿಗೆ ಕರೆದರೆ ಗೋವಾದ ಟಿಕೆಟ್ ಬಿಟ್ಟಾದರೂ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಆ ದಿನದ ಸಜ್ಜಿ ರೊಟ್ಟಿ ಹಾಸ್ಟೆಲ್ಲಿಗೆ ಕಟ್ಟಿಸಿಕೊಂಡು ಬರಲೂ ಯೋಗ್ಯ. ಸಜ್ಜಿ ಹಿಟ್ಟು ಎಣ್ಣೆಯಂಶ ಹೆಚ್ಚಿದ್ದರಿಂದ ಬೇಗ ಕಹಿಯಾಗುತ್ತದೆ, ವಾರಕ್ಕೆ ಬೇಕಾದಷ್ಟೇ ಬೀಸಿಸಬೇಕು. ಹಿಟ್ಟಿಗೆ ತಣ್ಣೀರು ಹಾಕಿದರೆ ಜಿಗಟು ಬರುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲಿಗೆ ತುಸು ಹೆಚ್ಚು ಕುದಿಯುವ ಎಸರು ಹೊಯ್ದು, ಮುಚ್ಚಿ, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಬೇಕು. ಬಡಿಯುತ್ತ ಮೇಲೆ ಬಿಳಿ ಎಳ್ಳು ಉದುರಿಸಿ ಒತ್ತಿ, ಎಳ್ಳಿನ ಮಗ್ಗಲು ಹಂಚಿಗೆ ಬರುವಂತೆ ಹಾಕಿ, ಮೇಲಿನ ಹಿಟ್ಟಿನ ಮಗ್ಗಲಿಗೆ ಒದ್ದೆ ಬಟ್ಟೆ ಸವರಬೇಕು. ನೀರು ಆರಿದ ಕೂಡಲೇ ತಿರುವಬೇಕು, ತಡವಾದರೆ ಬಿರುಕು ಬಿಡುತ್ತದೆ. ಖಡಕ್ ಆಗಬೇಕಾದರೆ ಬೆಂದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತ ಪಸೆಯೆಲ್ಲ ಹೋಗುವವರೆಗೆ ಬಿಡಬೇಕು. ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿ ಡಬ್ಬಿ ಮುಚ್ಚಿದರೆ ಒಳಗಿನ ಆವಿಗೆ ಮೆತ್ತಗಾಗಿ ಬೂಸರು ಬರುತ್ತದೆ. ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ಆರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಬ್ಯಾಗಿನಲ್ಲಿ ಪುಸ್ತಕಗಳ ಮಗ್ಗಲಿಗೆ ನೆಟ್ಟಗೆ ನಿಲ್ಲಿಸಿ ಇಡಬೇಕು, ಅಡ್ಡ ಹಾಕಿ ಮೇಲೆ ಭಾರ ಬಿದ್ದರೆ ಪುಡಿ. ಜೊತೆಗೆ ಅಗಸಿ ಹಿಂಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಒದ್ದೆ ಚಮಚ ಹಾಕದಿದ್ದರೆ ಈ ಮೂರೂ ಒಂದು ತಿಂಗಳು ತಡೆಯುತ್ತವೆ. ಸಂಕ್ರಾಂತಿ ಮರುದಿನದ ಬಸ್ಸು ವಿಪರೀತ ತುಂಬಿರುತ್ತದೆ, ಲಗೇಜು ಮೇಲಿನ ಕಟ್ಟೆಗೆ ಹೋಗುತ್ತದೆ. ರೊಟ್ಟಿಯ ಗಂಟು ಮಾತ್ರ ತೊಡೆಯ ಮೇಲೇ ಇರಲಿ.